ಕುಕ್ ದ್ವೀಪಗಳಿಗೆ ಹೋಗೋದಾದರೆ ಅಲ್ಲಿನ ಕಟ್ಟುಪಾಡಿಗೂ ಸಿದ್ಧರಾಗಿ

ದಕ್ಷಿಣ ಪೆಸಿಫಿಕ್‌ನ ಈ 15 ದ್ವೀಪಗಳ ಫೋಟೊ ಹಾಕಿ "ಇನ್ನೂ ಹಾಳಾಗದ ಜಾಗ" ಅಂತ ಮೆಚ್ಚುವವರು ಬಹಳ. ಯಾಕೆ ಹಾಳಾಗಿಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳೋದಿಲ್ಲ. ಅಲ್ಲಿ ಜಮೀನು ಮಾರುವಂತಿಲ್ಲ. ಹೊರಗಿನವರಿಗೆ ಸಿಗೋದು ಹೆಚ್ಚೆಂದರೆ 60 ವರ್ಷದ ಗುತ್ತಿಗೆ. ಮುಖ್ಯ ದ್ವೀಪ ರಾರೊಟೊಂಗಾದಲ್ಲಿ ತೆಂಗಿನ ಮರ ಮೀರಿಸುವ ಕಟ್ಟಡ ಕಟ್ಟೋದಿಲ್ಲ. ಮೀನು ಕಮ್ಮಿಯಾದ ಕಡೆ ಊರಿನ ಮುಖಂಡರು 'ರಾಉಯಿ' ಅನ್ನೋ ನಿಷೇಧ ಸಾರಿದರೆ ಅಲ್ಲಿ ಬಲೆ ಬೀಳೋದಿಲ್ಲ. ಭಾನುವಾರ ಚರ್ಚಿನ ದಿನ, ಬಹುತೇಕ ಅಂಗಡಿ ಬಂದ್. ಅದಕ್ಕೇ ಶನಿವಾರ ಬೆಳಿಗ್ಗೆಯೇ ರಾಜಧಾನಿ ಅವರುವಾದ ಪುನಂಗಾ ನುಯಿ ಸಂತೆಯಲ್ಲಿ ಹಣ್ಣು, ತರಕಾರಿ ತಂದಿಟ್ಟುಕೊಳ್ಳಿ.

ನಮ್ಮವರು ಎಡವೋದು ದಾರಿಯಲ್ಲಿ ವಿಮಾನ ಬದಲಿಸುವ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ವಾಪಸ್ ಟಿಕೆಟ್ ಇದ್ದರೆ ಕುಕ್ ದ್ವೀಪಗಳಲ್ಲಿ 31 ದಿನ ಇರಬಹುದು, ಮೊದಲೇ ವೀಸಾ ಬೇಡ. ಆದರೆ ನ್ಯೂಜಿಲೆಂಡ್ ಮೂಲಕ ಹಾದುಹೋಗೋಕೆ ಭಾರತದ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕೇ ಬೇಕು. ಬರುವಾಗಲೂ ಅದೇ ದಾರಿಯಾದರೆ ಅದಕ್ಕೂ ಸೇರಿಸಿ ಮಾಡಿಸಿ. ಇನ್ನೊಂದು, ದಾರಿಯಲ್ಲಿ ದಿನಾಂಕ ರೇಖೆ ದಾಟುತ್ತೀರಿ: ಆಕ್ಲೆಂಡ್‌ನಿಂದ ಶನಿವಾರ ಹೊರಟು ಸುಮಾರು ನಾಲ್ಕು ಗಂಟೆ ಹಾರಿದರೆ ಇಳಿಯೋದು ಶುಕ್ರವಾರ. ಹೋಟೆಲ್ ಬುಕ್ ಮಾಡುವಾಗ ಅಲ್ಲಿಯ ತಾರೀಕು ನೋಡಿ.

ಈಗ ನೀರಿನ ವಿಷಯ, ಜೀವದ ಪ್ರಶ್ನೆ. ರಾರೊಟೊಂಗಾದ ಸುತ್ತ ಹವಳದ ದಿಬ್ಬ, ಅದರೊಳಗೆ ಮೊಣಕಾಲಿನಿಂದ ಎದೆಮಟ್ಟದ ತಿಳಿನೀರು. ನೋಡೋಕೆ ಕೆರೆಯಷ್ಟೇ ಶಾಂತ. ಆದರೆ ಅಲೆಗಳು ದಿಬ್ಬ ಹಾರಿ ಸುರಿದ ನೀರೆಲ್ಲ ದಿಬ್ಬದ ಬಿರುಕುಗಳಿಂದಲೇ ಹೊರಗೆ ಹರಿಯಬೇಕು. ದಕ್ಷಿಣದ ಅವಾಅವರೋವಾ, ಪಾಪುವಾ, ರುಟಾಕಿ ಅಂಥವೇ. ಹೊರಗೆ ಅಲೆ ದೊಡ್ಡದಾದಷ್ಟೂ ಅಲ್ಲಿ ಸೆಳೆತ ಜೋರು. ಆಮೆ ನೋಡೋ ಆಸೆಗೆ ಒಬ್ಬರೇ ಅಲ್ಲಿಗಿಳಿಯಲೇಬೇಡಿ, ಆ ನೀರು ಬಲ್ಲ ಸ್ಥಳೀಯರು ಜೊತೆಗಿರಲಿ. ಸಿಕ್ಕಿಹಾಕಿಕೊಂಡರೆ ಸೆಳೆತಕ್ಕೆ ಎದುರು ಈಜಿ ಸುಸ್ತಾಗಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ, ಅಡ್ಡಕ್ಕೆ ಸರಿಯಿರಿ.

ಸಸ್ಯಾಹಾರಿಗಳು 'ರುಕಾವು' ಕೇಳಿ. ಎಳೆಯ ಕೆಸುವಿನ ಎಲೆಯನ್ನ ತೆಂಗಿನ ಹಾಲಲ್ಲಿ ಹಸಿರು ಮುದ್ದೆಯಾಗುವ ತನಕ ಬೇಯಿಸಿರುತ್ತಾರೆ. ಪತ್ರೊಡೆ ಮಾಡುವ ಕರಾವಳಿಯವರಿಗೆ ಕಾರಣ ಗೊತ್ತು: ಅರೆಬೆಂದರೆ ಗಂಟಲು ಕೆರೆಯುತ್ತೆ. ಮಾಂಸ ಸೇರಿಸಿ ಮಾಡೋದೂ ಉಂಟು, ವಿಚಾರಿಸಿಯೇ ತಿನ್ನಿ.

ನನ್ನ ಅಭಿಪ್ರಾಯದಲ್ಲಿ ಎಲ್ಲರೂ ರಾರೊಟೊಂಗಾದ ಮುರಿ ಕಡಲತೀರಕ್ಕೇ ಮುಗಿಬೀಳೋದು ತಪ್ಪು. ಮನೆ, ರೆಸಾರ್ಟ್‌ಗಳ ಸೆಪ್ಟಿಕ್ ಟ್ಯಾಂಕ್‌ಗಳಿಂದ ಜಿನುಗುವ ಗೊಬ್ಬರದಂಥ ನೀರು ಸೇರಿ ಅಲ್ಲಿ ಪಾಚಿ ಬೆಳೆದು ಊರವರಿಗೆ ತಲೆನೋವಾಗಿದೆ. ದ್ವೀಪದ ಬೇರೆ ದಿಕ್ಕಿನಲ್ಲಿ ಉಳಿದುಕೊಳ್ಳಿ, ಅಥವಾ ಸಣ್ಣ ವಿಮಾನದಲ್ಲಿ ಅಟಿಯು ದ್ವೀಪಕ್ಕೆ ಹೋಗಿ. ಅಲ್ಲಿ ನೆಲವೇ ಮೇಲೆದ್ದ ಹಳೇ ಹವಳ, ಬ್ಲೇಡಿನಂಥ ಚೂಪು. ಕತ್ತಲ ಗುಹೆಯಲ್ಲಿ ಗೂಡು ಕಟ್ಟುವ ಕೊಪೆಕಾ ಹಕ್ಕಿ ನೋಡೋಕೆ ಇಳಿಯುವಾಗ ಚಪ್ಪಲಿ ಸಾಲದು. ಗಟ್ಟಿ ಅಡಿಯ ಶೂ, ಟಾರ್ಚ್ ಎರಡೂ ಇರಲಿ.