ಬಡವರ ಬಂಧು ಸಿಗರೇಟು ಕಂಪನಿ

ಬಜೆಟ್ ಬಂತು, ಸಿಗರೇಟಿನ ತೆರಿಗೆ ಒಂಚೂರು ಏರಿತು, ಮಾರನೇ ದಿನವೇ ಕಂಪನಿಗಳಿಗೆ ಬಡವರ ನೆನಪಾಯಿತು. ಯಾವ ದೇಶವನ್ನಾದರೂ ತಗೊಳ್ಳಿ, ಇದೇ ಕಥೆ. ‘ಬಡವರ ಮೇಲೆ ಬರೆ’ ಅಂತ ಅವರು ಗೋಳಾಡುವುದನ್ನು ಕೇಳಿದರೆ ಕರುಳು ಚುರುಕ್ ಅನ್ನುತ್ತದೆ. ಬಡವನ ಶ್ವಾಸಕೋಶದ ಸುದ್ದಿಗೇ ಹೋಗದವರಿಗೆ ಅವನ ಜೇಬಿನ ಬಗ್ಗೆ ಎಂಥಾ ಕಾಳಜಿ! ಆ ಜೇಬಿನ ಮೇಲೆ ಅವರ ಕಣ್ಣು ಮೊದಲಿಂದಲೂ ಇತ್ತು, ಅದು ಬೇರೆ ಮಾತು.

ಸರ್ಕಾರಗಳೇನು ಕಡಿಮೆಯಲ್ಲ. ಒಂದು ಪ್ಯಾಕೆಟ್ ಕೈಗೆ ತಗೊಂಡು ನೋಡಿ. ಮುಂದುಗಡೆ ಕೊಳೆತ ಬಾಯಿಯ ಚಿತ್ರ, ಅದು ಆರೋಗ್ಯ ಇಲಾಖೆಯದು. ಎಷ್ಟೋ ದೇಶಗಳಲ್ಲಿ ಮುಚ್ಚಳದ ಮೇಲೆ ನೀಟಾಗಿ ಅಂಟಿಸಿದ ತೆರಿಗೆ ಚೀಟಿಯೂ ಇರುತ್ತದೆ, ಅದು ಹಣಕಾಸು ಇಲಾಖೆಯದು. ಪ್ಯಾಕೆಟ್ ಒಡೆಯುವಾಗ ಮೊದಲು ಹರಿಯುವುದು ಆ ಚೀಟಿಯೇ. ಮೊದಲು ಖಜಾನೆಗೆ ನಮಸ್ಕಾರ, ಆಮೇಲೆ ಕೆಮ್ಮು.

ತೆರಿಗೆ ಏರಿಸಿದರೆ ಏನಾದರೂ ಆಗುತ್ತದಾ? ಆಗುತ್ತದೆ. ಬೆಲೆ ಶೇ 10 ಏರಿದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸೇದುವುದು ಸುಮಾರು ಶೇ 5 ಇಳಿಯುತ್ತದೆ. ಉಳಿದವರು ಬಿಡುವುದಿಲ್ಲವಲ್ಲ, ಹಾಗಾಗಿ ಖಜಾನೆಗೆ ದುಡ್ಡೂ ಜಾಸ್ತಿಯೇ ಬರುತ್ತದೆ. ಮಾರಾಟ ಬೆಲೆಯಲ್ಲಿ ಕನಿಷ್ಠ ಶೇ 75 ತೆರಿಗೆಯೇ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನ ದೇಶಗಳು ಗೋಣು ಆಡಿಸಿ ಸುಮ್ನೆ ಕೂತಿವೆ. ಎಲ್ಲದರ ಬೆಲೆ ಏರಿ, ಸಂಬಳವೂ ಅಷ್ಟಿಷ್ಟು ಏರಿ, ಸಿಗರೇಟಿನ ತೆರಿಗೆ ಮಾತ್ರ ಅದಕ್ಕಿಂತ ಕಡಿಮೆ ಏರಿದರೆ ಸಿಗರೇಟು ಹೋದ ವರ್ಷಕ್ಕಿಂತ ಅಗ್ಗವಾದ ಹಾಗೇ ಅಲ್ವಾ? ಇದಕ್ಕೆ ‘ಕಠಿಣ ಕ್ರಮ’ ಅಂತ ಹೆಸರು.

ಫಿಲಿಪ್ಪೀನ್ಸಿನ ಕಥೆ ನನಗೆ ಬಹಳ ಇಷ್ಟ. ಅಲ್ಲಿ ಬೆಲೆ ನೋಡಿ ಸಿಗರೇಟಿಗೆ ದರ್ಜೆ ಕೊಟ್ಟು, ದರ್ಜೆ ನೋಡಿ ತೆರಿಗೆ ಹಾಕುತ್ತಿದ್ದರು. ಸರಿ. ಆದರೆ ಹಳೇ ಬ್ರ್ಯಾಂಡುಗಳಿಗೆ ಯಾವ ಬೆಲೆ? 1996ರದ್ದು. ಅಂಗಡಿಯಲ್ಲಿ ಬೆಲೆ ಎಷ್ಟೇ ಏರಲಿ, ನಡುವೆ ತೆರಿಗೆ ದರ ಒಂದಿಷ್ಟು ಏರಲಿ, ದರ್ಜೆ ಕದಲಲಿಲ್ಲ. ಆಮೇಲೆ ಬಂದ ಬ್ರ್ಯಾಂಡುಗಳಿಗೆ ಬೇರೆ ಲೆಕ್ಕ. 1996ರಲ್ಲಿ ಹುಟ್ಟಿದ ಕೂಸಿಗೆ ಮೀಸೆ ಬಂತು, ಆ ಸಿಗರೇಟು ಮಾತ್ರ ತೆರಿಗೆ ಪುಸ್ತಕದಲ್ಲಿ ಇನ್ನೂ ತೊಟ್ಟಿಲಲ್ಲೇ ಆಡುತ್ತಿತ್ತು! 2012ರಲ್ಲಿ ಹೊಸ ಕಾನೂನು ಮಾಡಿ ಆ ಪಟ್ಟಿ ಎತ್ತಿ ಬಿಸಾಡಿದರು, ತೆರಿಗೆಯನ್ನೂ ಸರಿಯಾಗಿ ಏರಿಸಿದರು. ಖಜಾನೆ ತುಂಬಿತು. ಹೆಚ್ಚುವರಿ ದುಡ್ಡಿನ ಬಹುಪಾಲು ಜನರ ಆರೋಗ್ಯಕ್ಕೇ ಹೋಯಿತು, ಬಡವರ ವಿಮೆಯೂ ಅದರಲ್ಲೇ. ವಿಡಂಬನೆ ಬರೆದು ಬದುಕುವವನಿಗೆ ಇಂಥ ಸುದ್ದಿಯಿಂದ ಬಹಳ ನಷ್ಟ.

ಆದರೂ ‘ಕಳ್ಳಸಾಗಣೆ ಜಾಸ್ತಿಯಾಗುತ್ತೆ’ ಎಂಬ ಹಳೇ ರಾಗ ನಿಂತಿಲ್ಲ. ಕಳ್ಳ ಬರುತ್ತಾನೆ, ಅದಕ್ಕೇ ಮನೆ ಸಾಮಾನು ನಾವೇ ಅಗ್ಗಕ್ಕೆ ಮಾರಿಬಿಡೋಣ ಅಂದ ಹಾಗಾಯಿತು. ಕಳ್ಳನನ್ನು ಹಿಡಿಯಿರಿ ಮಾರಾಯ್ರೇ, ಅದಕ್ಕೇ ಅಲ್ವಾ ಗಡಿಯಲ್ಲಿ ನಿಮ್ಮನ್ನು ಕೂರಿಸಿರುವುದು.

ನಗುವುದಕ್ಕೂ ಸಾಕಾಗಿದೆ. ಜಗತ್ತಿನ ತಂಬಾಕು ಬಳಕೆದಾರರಲ್ಲಿ ಸುಮಾರು ಶೇ 80 ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ತಂಬಾಕಿನಿಂದ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ದುಡಿಯುವವನ ಗಂಟಲಿಗೆ ತೂತು ಕೊರೆದು ಮಲಗಿಸಿದ್ದಾರೆ, ಮಾತು ಹೋಗಿದೆ, ಹೆಂಡತಿ ಬಿಲ್ ಹಿಡಿದು ಜಮೀನು ಮಾರಲು ಓಡಾಡುತ್ತಿದ್ದಾಳೆ. ಆಗ ಯಾವ ಕಂಪನಿಯವರೂ ಬಂದು ‘ಬಡವರ ಮೇಲೆ ಬರೆ’ ಅಂದದ್ದನ್ನು ನಾನಂತೂ ಕೇಳಿಲ್ಲ.