ಗಾಳಿ ಬಂದಾಗ ತೂರಬೇಡಿ

ಮತ್ತೆ ಎಲ್ಲೋ ಕರೆಂಟು ಹೋಗಿದೆ. ಕತ್ತಲಲ್ಲಿ ಮೇಣದಬತ್ತಿ ಸಿಗುವ ಮೊದಲೇ ಆರೋಪಿ ಸಿಕ್ಕಿದ್ದಾನೆ: ಗಾಳಿ, ಅಂದರೆ ಗಾಳಿಯಂತ್ರದ ವಿದ್ಯುತ್ತು. ಬಹಳ ಅನುಕೂಲದ ಆರೋಪಿ. ವಿಳಾಸವಿಲ್ಲ, ವಕೀಲನಿಲ್ಲ, ಮಾನನಷ್ಟದ ಮೊಕದ್ದಮೆ ಹೂಡುವುದಿಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ಹೆಚ್ಚಾಗಿ ಕೈಕೊಟ್ಟದ್ದು ಅನಿಲ ಸ್ಥಾವರಗಳು. ಟೀವಿಯಲ್ಲಿ ಬೈಸಿಕೊಂಡದ್ದು ಗಾಳಿಯಂತ್ರ.

ಹಾಗೆಂದು ಗಾಳಿ ಪರಮ ಸಾಧುವೇನಲ್ಲ. ಹಳೆಯ ಉಷ್ಣ ಸ್ಥಾವರದ ರೋಟರು ಅಕ್ಷರಶಃ ತೂಕದ ಮನುಷ್ಯ. ನಿಮಿಷಕ್ಕೆ 3,000 ಸುತ್ತು ತಿರುಗುವ ಆ ಭಾರಿ ದೇಹ, ಎಲ್ಲೋ ಒಂದು ಘಟಕ ಟ್ರಿಪ್ ಆಗಿ ಥಟ್ಟನೆ ನಿಂತರೆ, ತನ್ನ ವೇಗದಲ್ಲೇ ಒಂದಿಷ್ಟು ಬಿಟ್ಟುಕೊಟ್ಟು ಗ್ರಿಡ್ಡಿನ, ಅಂದರೆ ವಿದ್ಯುತ್ ಜಾಲದ, 50 ಹರ್ಟ್ಸ್ ಆವರ್ತನ ದಢಕ್ಕನೆ ಕುಸಿಯದಂತೆ ಕೆಲವು ಸೆಕೆಂಡು ತಡೆಯುತ್ತದೆ. ಯಾರೂ ಹೇಳಬೇಕಿಲ್ಲ. ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದಿಸಿ ಕಳಿಸುವ ಇನ್ವರ್ಟರಿನ ಹಿಂದೆ ನಿಂತ ಗಾಳಿಯಂತ್ರಕ್ಕೆ ಗ್ರಿಡ್ಡಿನ ನಡುಕ ಮೈಗೆ ತಾಗುವುದಿಲ್ಲ, ಹೇಳಿಕೊಡಬೇಕು. ಹೇಳಿಕೊಟ್ಟರೆ ಕಲಿಯುತ್ತದೆ. ಜೊತೆಗೆ ಬ್ಯಾಟರಿಯಿದೆ, ಸಿಂಕ್ರನಸ್ ಕಂಡೆನ್ಸರ್ ಇದೆ. ಈ ಕಂಡೆನ್ಸರ್ ಏನನ್ನೂ ಸುಡದೆ, ಒಂದು ಯೂನಿಟ್ಟನ್ನೂ ಉತ್ಪಾದಿಸದೆ ಸುಮ್ಮನೆ ತಿರುಗುತ್ತ, ಆ ರೋಟರಿನಂತೆಯೇ ಕುಸಿತ ತಡೆಯುವ ಯಂತ್ರ. ಸುಮ್ಮನೆ ತಿರುಗಿ ಸಂಬಳ ಎಣಿಸುವವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ಅದರಿಂದ ಪ್ರಯೋಜನವಾದದ್ದು ಈ ಒಂದು ಜಾತಿಯಲ್ಲಿ ಮಾತ್ರ.

ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ಬ್ರಿಟನ್ನಿನ ಗ್ರಿಡ್ ನೋಡಿರಲಿಲ್ಲ. ಸ್ಕಾಟ್‌ಲೆಂಡಿನಲ್ಲಿ ಗಾಳಿ ಜೋರಾದರೆ ಆ ವಿದ್ಯುತ್ತನ್ನು ದಕ್ಷಿಣಕ್ಕೆ ಒಯ್ಯಲು ಮಾರ್ಗ ಸಾಲುವುದಿಲ್ಲ. ಆಗ ಗಾಳಿಯಂತ್ರದವನಿಗೆ ‘ನಿಲ್ಲಿಸಪ್ಪಾ’ ಎಂದು ದುಡ್ಡು, ದಕ್ಷಿಣದ ಅನಿಲ ಸ್ಥಾವರದವನಿಗೆ ‘ಹೊತ್ತಿಸಪ್ಪಾ’ ಎಂದು ಇನ್ನಷ್ಟು ದುಡ್ಡು. ಎರಡನ್ನೂ ತೆರುವವನು ಬಿಲ್ಲು ಕಟ್ಟುವ ಬಡಪಾಯಿ. ಎಂತಹ ಸಮದರ್ಶಿ ಆಡಳಿತ!

ಇನ್ನು ದಕ್ಷಿಣ ಆಸ್ಟ್ರೇಲಿಯಾ, 2016ರ ಸೆಪ್ಟೆಂಬರ್ 28. ಸುಂಟರಗಾಳಿ ವಿದ್ಯುತ್ ಗೋಪುರಗಳನ್ನೇ ಮಲಗಿಸಿತು. ಎರಡು ನಿಮಿಷದಲ್ಲಿ ಆರು ಬಾರಿ ವೋಲ್ಟೇಜ್ ಕುಸಿಯಿತು. ಹಲವು ಗಾಳಿಯಂತ್ರಗಳು ಒಂದಷ್ಟು ಸಲ ತಾಳಿಕೊಂಡು ಆಮೇಲೆ ಕೈಚೆಲ್ಲಿದವು. ‘ಇಷ್ಟು ಸಲವಾದರೆ ಸಾಕು’ ಎಂಬ ಮಿತಿ ಅವುಗಳ ಒಳಗೇ ಬರೆದಿತ್ತು. ಕೊರತೆ ತುಂಬಲು ಹೋದ, ನೆರೆರಾಜ್ಯ ವಿಕ್ಟೋರಿಯಾದ ಮಾರ್ಗವೂ ಹೊರೆ ತಾಳದೆ ಟ್ರಿಪ್ ಆಗಿ, ಇಡೀ ರಾಜ್ಯ ಕತ್ತಲಾಯಿತು.

ಆ ಮಿತಿ ಗ್ರಿಡ್ ನಡೆಸುವವರಿಗೇ ಗೊತ್ತಿರಲಿಲ್ಲ. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಬಿರುಗಾಳಿ ಯಾರ ಮಾತೂ ಕೇಳುವುದಿಲ್ಲ, ಸರಿ. ಇದು ಒಂದು ಸೆಟ್ಟಿಂಗ್. ಅನಾಹುತವಾದ ಮೇಲೆ ಬದಲಿಸಿದರು, ಬದಲಾಯಿತು. ಲಕ್ಷಾಂತರ ಮನೆಗಳ ದೀಪ ನೇತಾಡುತ್ತಿದ್ದ ಆ ಒಂದು ಅಂಕಿಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಲು ಒಬ್ಬರಿಗೂ ಪುರಸೊತ್ತಿರಲಿಲ್ಲ. ಗಾಳಿಯನ್ನು ಬೈಯಲು ಮಾತ್ರ ಮರುದಿನವೇ ಎಲ್ಲರಿಗೂ ಪುರಸೊತ್ತಾಯಿತು.