ತಗಡಲ್ಲ, ರಿಪೇರಿ

ಅಂಬಾಸಿಡರ್ 1958ರಿಂದ 2014ರವರೆಗೆ ಬಾಳಿದ್ದು ದಪ್ಪ ತಗಡಿನಿಂದ ಅಂತ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಆ ಕಾಲದ ಕಾರುಗಳೆಲ್ಲ ಉಳಿದದ್ದು ಅದರಿಂದಲೇ.

ನಮ್ಮ ಮನೆಯಲ್ಲೂ ಅಂಥದೊಂದು ಪೆಟ್ರೋಲ್ ಕಾರಿದೆ. ಕಂಪನಿ ಹೆಸರು ಬೇಡ ಬಿಡಿ, ಪಾಪ. ಒಂದು ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮದುವೆಗೆ ಹೊರಟಿದ್ದೆವು. ಒಳಗೆ ಎಂಟು ಜನ. ಭರಮಸಾಗರ ದಾಟುತ್ತಿದ್ದಂತೆ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಅಪ್ಪ ಗಾಬರಿಯಾಗಲಿಲ್ಲ. ಅಮ್ಮನ ಹತ್ತಿರ ಕರ್ಚೀಫ್ ಇಸ್ಕೊಂಡು, ನೀರಲ್ಲಿ ಅದ್ದಿ, ಬಾನೆಟ್ ಒಳಗೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಸುತ್ತಿದರು. ಚುಸ್ ಅಂತ ಹಬೆ ಎದ್ದಿತು. ಆ ಪಂಪು ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಬಿಸಿಲು ಜಾಸ್ತಿಯಾದರೆ ಒಳಗಿನ ಪೆಟ್ರೋಲ್ ಆವಿಯಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಹೋಗುವುದೇ ಇಲ್ಲ. ಹತ್ತು ನಿಮಿಷ ಬೇವಿನ ಮರದ ಕೆಳಗೆ ಮಂಡಕ್ಕಿ ತಿಂದೆವು, ಕಾರು ಹೊರಟಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಆ ಕರ್ಚೀಫ್ ಮಾತ್ರ ಮತ್ತೆ ಬೆಳ್ಳಗಾಗಲಿಲ್ಲ.

ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಈ ತಾಪತ್ರಯ ಇಲ್ಲ, ಒಪ್ಪುತ್ತೇನೆ. ಬ್ರೇಕು, ಸ್ಟೇರಿಂಗು ಎಲ್ಲ ಹಗುರ. ಆದರೆ ನಿಂತರೆ ನಿಂತಂತೆ. ಲ್ಯಾಪ್‌ಟಾಪ್ ಹಿಡಿದು ಯಾರಾದರೂ ಬರಬೇಕು, ಅಲ್ವಾ?

ಅಂದ ಹಾಗೆ, ನಮ್ಮ ಪಂಪಿನ ಡಯಾಫ್ರಮ್, ಅಂದರೆ ಒಳಗೆ ಮೇಲೆ ಕೆಳಗೆ ಆಡುತ್ತಾ ಪೆಟ್ರೋಲ್ ಎಳೆಯುವ ತೆಳು ಪೊರೆ, ಮತ್ತೆ ಹರಿದಿದೆ. ದಾವಣಗೆರೆಯಲ್ಲಿ ಹಳೇ ಕಾರಿನ ಸಾಮಾನು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಇಲ್ಲೇ ಬರೆಯಿರಿ.